ಬೆಳಗಿಗಾಗಿ ಕಾದ ವಿಮಾನ

ನಮ್ಮ ಹಳ್ಳಿಗಳ ಊರಮುಂದೆ, ಕೆರೆಯ ಏರಿಯ ಮೇಲೆ, ಹಾಳುಗುಡಿಯ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳನ್ನು ವಾಚಕರು ಕಂಡೇ ಇರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವ ನೋಟ; ಎಲ್ಲಕ್ಕೂ ಮೇಲೆ ಕೈಲಾಸ. ತುರುಗಳನ್ನು ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ, ಕಾದಿ, ಮಡಿದವನಿಗೆ ಊರವರು ನಿಲ್ಲಿಸಿದ ಕಲ್ಲು ಅದು. ಅಂಥ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೊಂದು ಸಂದೇಹ ಬರುವುದುಂಟು. ಅದೇ ತುರುಗಳನ್ನು ಜಾಣತನದಿಂದ ಬಿಡಿಸಿಕೊಂಡು, ಜೊತೆಯವರಲ್ಲಿ ಒಬ್ಬನನ್ನೂ ಕಳೆದುಕೊಳ್ಳದೆ ಹಿಂದಿರುಗಿ, ಸಂಜೆ ತನ್ನ ಮನೆಯಲ್ಲಿ ಉಣ್ಣಲು ಕುಳಿತವನೂ ಒಬ್ಬ ಇದ್ದಿರಬೇಕಲ್ಲವೆ? ಅವನ ಕಲ್ಲೆಲ್ಲಿ?

ಇತಿಹಾಸದ ಪುಸ್ತಕಗಳೂ ಈ ವಿಷಯದಲ್ಲಿ ಊರವರಿಗಿಂತ ಹೆಚ್ಚು ಉದಾರವಾಗಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಹೆಸರನ್ನು ಶಾಲೆಯ ಹುಡುಗನೂ ಬಲ್ಲ. ಮುಳುಗಬಹುದಾಗಿದ್ದೂ ಮುಳುಗದೆ ದಡ ಸೇರಿದ ಹಡಗುಗಳ ಹೆಸರು ಯಾರಿಗೆ ಗೊತ್ತು? ಅನಾಹುತಕ್ಕೆ ಕಥೆಯುಂಟು; ತಪ್ಪಿದ ಅನಾಹುತಕ್ಕೆ ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು. ಅಂಥ ಒಂದು ತಪ್ಪಿದ ಅನಾಹುತವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕೆಂದಿದ್ದೇನೆ. ಇದು ಪೆಸಿಫಿಕ್ ಮಹಾಸಾಗರದ ಮೇಲೆ 1956ರಲ್ಲಿ ನಡೆದದ್ದು. ಇದರಲ್ಲಿ ಮಿಂಚಿನ ವೇಗದ ಸಾಹಸವೇನೂ ಇಲ್ಲ. ಒಂದು ಇಡೀ ರಾತ್ರಿಯ ತಾಳ್ಮೆ ಇದೆ. ಅದಕ್ಕಾಗಿಯೇ ಇದು ನನ್ನ ಮನಸ್ಸಿನಲ್ಲಿ ನಿಂತಿದೆ.

ಆ ವರ್ಷದ ಅಕ್ಟೋಬರ್ 15ರ ರಾತ್ರಿ ಸುಮಾರು ಎಂಟೂವರೆ ಗಂಟೆಗೆ ಹವಾಯಿ ದ್ವೀಪಗಳ ಹೊನೊಲುಲು ನಗರದಿಂದ ಪ್ಯಾನ್ ಅಮೆರಿಕನ್ ಸಂಸ್ಥೆಯ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೊರಟಿತು. ಭೂಮಿಯನ್ನು ಸುತ್ತಿ ಬರುವ ದೀರ್ಘ ಯಾನದ ಕೊನೆಯ ಹಂತವದು. ವಿಮಾನದ ಹೆಸರು ‘ಸಾವರಿನ್ ಆಫ್ ದಿ ಸ್ಕೈಸ್’. ಆಕಾಶಗಳ ಅಧಿರಾಜ ಎಂದು ಅರ್ಥ. ಒಳಗೆ ಇದ್ದವರು 31 ಮಂದಿ: ಪ್ರಯಾಣಿಕರು 24, ಸಿಬ್ಬಂದಿ 7. ಪ್ರಯಾಣಿಕರಲ್ಲಿ ಮೂವರು ಎಳೆಯ ಮಕ್ಕಳು. ಚಾಲಕರ ಪೀಠದಲ್ಲಿದ್ದವರು ಕ್ಯಾಪ್ಟನ್ ರಿಚರ್ಡ್ ಓಗ್. ಅವರ ಪಕ್ಕದಲ್ಲಿ ಸಹಚಾಲಕ ಜಾರ್ಜ್ ಹಾಕರ್. ಎಂಜಿನುಗಳನ್ನು ನೋಡಿಕೊಳ್ಳುವವರು ಫ್ರ್ಯಾಂಕ್ ಗಾರ್ಸಿಯಾ. ದಾರಿಯ ಲೆಕ್ಕ ಇಡುವವರು ರಿಚರ್ಡ್ ಬ್ರೌನ್. ಪ್ರಯಾಣಿಕರ ಯೋಗಕ್ಷೇಮ ಪೆಟ್ರೀಶಿಯಾ ರೆನಾಲ್ಡ್ಸ್ ಎಂಬ ಮಹಿಳೆಯದು. ಅವರ ಕೈಕೆಳಗೆ ಇಬ್ಬರು ಗಗನಸಖಿಯರು.

ವಿಮಾನ ಬೋಯಿಂಗ್ ಕಾರ್ಖಾನೆಯ ಸ್ಟ್ರಾಟೋಕ್ರೂಸರ್ ಜಾತಿಯದು. ಜೆಟ್ ವಿಮಾನಗಳು ಬರುವುದಕ್ಕೆ ಮುಂಚಿನ ಕಾಲದ ವೈಭವವೆಲ್ಲ ಅದರಲ್ಲಿತ್ತು. ಎರಡು ಅಂತಸ್ತು, ಸುರುಳಿಮೆಟ್ಟಲನ್ನು ಇಳಿದರೆ ಕೆಳಗೆ ಕುಳಿತು ಹರಟಲು ಒಂದು ಪಡಸಾಲೆ. ಆದರೆ ಈ ವೈಭವಕ್ಕೆ ರೆಕ್ಕೆಯ ಮೇಲೆ ಕುಳಿತ ಒಂದು ಶಾಪವೂ ಇತ್ತು. ಅದರ ನಾಲ್ಕು ಎಂಜಿನುಗಳಲ್ಲಿ ಒಂದೊಂದಕ್ಕೂ 28 ಸಿಲಿಂಡರುಗಳು. ಅಷ್ಟು ಜಟಿಲವಾದ ಯಂತ್ರ ಕೆಡುವುದಕ್ಕೆ ಕಾರಣಗಳೂ ಅಷ್ಟೇ ಹೆಚ್ಚು. ಎಂಜಿನ್ ಮತ್ತು ಪ್ರೊಪೆಲರುಗಳ ಕಾಟಕ್ಕೆ ಈ ಜಾತಿಯ ವಿಮಾನ ಹೆಸರಾಗಿತ್ತು.

ಹೊನೊಲುಲುವಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಸುಮಾರು 2,400 ಮೈಲಿ. ನಡುವೆ ಹಿಡಿ ಮಣ್ಣೂ ಇಲ್ಲ. ಇಂಥ ದಾರಿಯಲ್ಲಿ ಹಿಂದಿರುಗಲೂ ಮುಂದುವರಿಯಲೂ ಒಂದೇ ಸಮಯ ಹಿಡಿಯುವ ಒಂದು ಬಿಂದು ಇರುತ್ತದೆ. ನಕ್ಷೆಯ ಮೇಲೆ ಅದು ಬರಿಯ ಚುಕ್ಕೆ. ಆದರೆ ಅದನ್ನು ದಾಟಿದ ಮೇಲೆ ಮನಸ್ಸು ಹೊರಟ ಊರನ್ನು ಬಿಟ್ಟು ತಲಪುವ ಊರನ್ನು ನೆನೆಯತೊಡಗುತ್ತದೆ. ವಿಮಾನ ಆ ಚುಕ್ಕೆಯನ್ನು ದಾಟಿ, 13,000 ಅಡಿಯಿಂದ 21,000 ಅಡಿಗೆ ಏರುತ್ತಿದ್ದ ಹೊತ್ತಿನಲ್ಲಿ ಎಡಗಡೆಯ ಹೊರ ಎಂಜಿನ್ ಹುಚ್ಚು ವೇಗದಲ್ಲಿ ತಿರುಗತೊಡಗಿತು.

ಇದರ ಅಪಾಯವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಎಂಜಿನ್ ಕೆಟ್ಟಾಗ ಅದನ್ನು ನಿಲ್ಲಿಸಿ, ಪ್ರೊಪೆಲರಿನ ಅಲಗುಗಳನ್ನು ಗಾಳಿಗೆ ಅಂಚು ತೋರುವಂತೆ ತಿರುಗಿಸಿಬಿಡುತ್ತಾರೆ. ಆಗ ಗಾಳಿ ಅಲಗಿನ ಪಕ್ಕದಲ್ಲಿ ಜಾರಿಹೋಗುತ್ತದೆ. ಹಾಗೆ ತಿರುಗದಿದ್ದರೆ ಅಲಗುಗಳು ಗಾಳಿಗೆ ಮುಖ ಕೊಟ್ಟು, ಹಾದಿಗೆ ಅಡ್ಡಲಾಗಿ ಹಿಡಿದ ದೊಡ್ಡ ಮೊರದಂತೆ ವಿಮಾನವನ್ನು ಹಿಂದಕ್ಕೆ ಜಗ್ಗುತ್ತವೆ. ವೇಗ ಮಿತಿಮೀರಿದರೆ ಪ್ರೊಪೆಲರ್ ಕಿತ್ತು ಹಾರಿ ವಿಮಾನದ ಮೈಯನ್ನೇ ಸೀಳಬಹುದು. ಆ ರಾತ್ರಿ ಅಲಗುಗಳು ತಿರುಗಲಿಲ್ಲ. ಓಗ್ ವಿಮಾನದ ವೇಗವನ್ನು ತಗ್ಗಿಸಿದರು. ಗಾರ್ಸಿಯಾ ಆ ಎಂಜಿನಿಗೆ ಹೋಗುವ ಕೀಲೆಣ್ಣೆಯನ್ನು ನಿಲ್ಲಿಸಿದರು. ಎಣ್ಣೆಯಿಲ್ಲದ ಎಂಜಿನ್ ಕಚ್ಚಿಕೊಂಡು ನಿಂತಿತು. ಆದರೆ ಪ್ರೊಪೆಲರ್ ಮಾತ್ರ ಬಿಡಿಸಿಕೊಂಡು ಗಾಳಿಯ ಬಡಿತಕ್ಕೆ ತಿರುಗುತ್ತಲೇ ಇತ್ತು. ವಿಮಾನ ನಿಮಿಷಕ್ಕೆ ಸಾವಿರ ಅಡಿಯಂತೆ ಕೆಳಗಿಳಿಯತೊಡಗಿತು. ಉಳಿದ ಮೂರು ಎಂಜಿನುಗಳನ್ನು ಬಲವಾಗಿ ದುಡಿಸಿ ಆ ಇಳಿತವನ್ನು ತಡೆಯಬೇಕಾಯಿತು. ಹಾಗೆ ದುಡಿಸುವಾಗ ಬಲಗಡೆಯ ಹೊರ ಎಂಜಿನೂ ಸೋಲತೊಡಗಿತು. ಬೆಳಗಿನ ಜಾವ ಸುಮಾರು ಎರಡೂ ಮುಕ್ಕಾಲಿಗೆ ಅದನ್ನೂ ನಿಲ್ಲಿಸಬೇಕಾಯಿತು. ಪುಣ್ಯಕ್ಕೆ ಅದರ ಅಲಗುಗಳು ಹೇಳಿದಂತೆ ಕೇಳಿದವು.

ಉಳಿದದ್ದು ಎರಡು ಎಂಜಿನ್. ಬ್ರೌನ್ ಲೆಕ್ಕ ಹಾಕಿದರು. ಜಗ್ಗುತ್ತಿರುವ ಆ ಪ್ರೊಪೆಲರನ್ನು ಹೊತ್ತುಕೊಂಡು, ಇರುವ ಇಂಧನದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ಸಿಗುವುದಿಲ್ಲ, ಹೊನೊಲುಲುವೂ ಸಿಗುವುದಿಲ್ಲ. ಸಮುದ್ರ ಒಂದೇ ಸಿಗುವುದು.

ಇಲ್ಲಿ ಆ ಕಾಲದ ಒಂದು ವ್ಯವಸ್ಥೆಯ ವಿಷಯ ಹೇಳಬೇಕು. ಎರಡನೆಯ ಮಹಾಯುದ್ಧದ ತರುವಾಯ, ಸಾಗರಗಳ ಮೇಲೆ ವಿಮಾನಸಂಚಾರ ಹೆಚ್ಚಿದಾಗ, ನಡುಗಡಲಿನಲ್ಲಿ ಗೊತ್ತಾದ ಸ್ಥಳಗಳಲ್ಲಿ ಹಡಗುಗಳನ್ನು ಕಾವಲಿಡುವ ಏರ್ಪಾಡು ನಡೆಯಿತು. ಹವಾಮಾನವನ್ನು ಅಳೆದು ತಿಳಿಸುವುದು, ಹಾದುಹೋಗುವ ವಿಮಾನಗಳಿಗೆ ರೇಡಿಯೋ ಮೂಲಕ ದಿಕ್ಕು ತೋರುವುದು, ಆಪತ್ತು ಬಂದರೆ ನೆರವಾಗುವುದು ಅವುಗಳ ಕೆಲಸ. ಹವಾಯಿಗೂ ಕ್ಯಾಲಿಫೋರ್ನಿಯಕ್ಕೂ ನಡುವಣ ಠಾಣೆಯ ಹೆಸರು ‘ನವೆಂಬರ್’. ಆ ದಿನಗಳಲ್ಲಿ ಅಲ್ಲಿ ಕಾವಲಿದ್ದದ್ದು ಅಮೆರಿಕದ ಕರಾವಳಿ ರಕ್ಷಣಾಪಡೆಯ ‘ಪಾಂಚರ್‌ಟ್ರೇನ್’ ಎಂಬ ಹಡಗು. ಅದರ ಅಧಿಪತಿ ಕಮಾಂಡರ್ ವಿಲಿಯಂ ಅರ್ಲ್. ಇಂಥ ಠಾಣೆಯ ಕೆಲಸದಷ್ಟು ಬೇಸರದ ಕೆಲಸ ಇನ್ನೊಂದಿರಲಾರದು. ಹೋಗಬೇಕಾದ ಊರಿಲ್ಲ, ಇಳಿಸಬೇಕಾದ ಸರಕಿಲ್ಲ; ವಾರಗಟ್ಟಲೆ ಒಂದೇ ಕಡೆ ಅಲೆಯ ಮೇಲೆ ತೂಗಾಡುತ್ತಿರಬೇಕು. ನಮ್ಮ ಹಳೆಯ ಅರವಟ್ಟಿಗೆಗಳ ನೆನಪಾಗುತ್ತದೆ. ದಾರಿಹೋಕ ಬರಲಿ ಬಿಡಲಿ, ನೀರು ತುಂಬಿಸಿಟ್ಟುಕೊಂಡು ಕಾಯುವುದೇ ಅಲ್ಲಿಯ ಧರ್ಮ. ಆ ರಾತ್ರಿ ದಾರಿಹೋಕ ಬಂದ. ಓಗ್ ರೇಡಿಯೋದಲ್ಲಿ ಹಡಗನ್ನು ಕರೆದು, ವಿಮಾನವನ್ನು ಅದರ ಕಡೆಗೆ ತಿರುಗಿಸಿದರು.

ಹಡಗಿನ ಬಳಿಗೆ ಬಂದಾಗ ಇನ್ನೂ ಗಾಢವಾದ ಕತ್ತಲೆ. ಓಗ್ ಎಂಥವರೆಂಬುದು ತಿಳಿಯುವುದು ಇಲ್ಲಿ. ಕೆಳಗೆ ಹಡಗಿದೆ. ಮೇಲೆ ಎರಡೇ ಎಂಜಿನ್, ಅವೂ ಯಾವ ಗಳಿಗೆಗೆ ಕೈಕೊಟ್ಟಾವೋ ಹೇಳುವಂತಿಲ್ಲ. ಆ ಸ್ಥಿತಿಯಲ್ಲಿ ‘ಇಳಿದುಬಿಡೋಣ, ಆದದ್ದಾಗಲಿ’ ಎಂದುಕೊಳ್ಳುವುದು ಮನುಷ್ಯಸಹಜ. ಭಯಕ್ಕೆ ಕಾಯಲು ಬರುವುದಿಲ್ಲ. ಓಗ್ ಕಾದರು. ವಿಮಾನ ಹಡಗನ್ನು ಸುತ್ತುತ್ತ, ಗಂಟೆಗಳ ಕಾಲ, ಬೆಳಗಾಗುವುದನ್ನು ಎದುರು ನೋಡಿತು.

ಇದು ಮೊಂಡ ಧೈರ್ಯವಲ್ಲ. ಒಂದೊಂದು ಅಂಶವನ್ನೂ ತೂಗಿನೋಡಿದ ಲೆಕ್ಕ. ಕತ್ತಲೆಯಲ್ಲಿ ನೀರಿನ ಮೇಲ್ಮೈ ಎಲ್ಲಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ಹತ್ತಡಿ ತಪ್ಪಿದರೂ ವಿಮಾನ ನುಚ್ಚುನೂರು. ಅಲೆಗಳ ಸಾಲು ಯಾವ ದಿಕ್ಕಿಗೆ ಹರಿದಿದೆಯೆಂದು ಕಂಡರಲ್ಲವೆ ಅದಕ್ಕೆ ಹೊಂದಿಕೊಂಡು ಇಳಿಯುವುದು? ಇಳಿದ ಮೇಲೆ ನೀರಿನಲ್ಲಿರುವವರನ್ನು ಹುಡುಕುವುದಕ್ಕೂ ಹಗಲೇ ಬೇಕು. ಸುತ್ತುತ್ತ ಹೋದಷ್ಟೂ ಇಂಧನ ಉರಿದು ವಿಮಾನ ಹಗುರವಾಗುತ್ತದೆ. ಹಗುರವಾದ ವಿಮಾನವನ್ನು ಇನ್ನೂ ಕಡಮೆ ವೇಗದಲ್ಲಿ ಇಳಿಸಬಹುದು. ಇಂಧನ ಕಡಮೆಯಾದಷ್ಟೂ ಬೆಂಕಿಯ ಭಯವೂ ಕಡಮೆ. ಇವೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ. ಇನ್ನೊಂದು ತಟ್ಟೆಯಲ್ಲಿ ಎರಡು ಎಂಜಿನುಗಳ ಮೇಲಿನ ನಂಬಿಕೆ. ಮೂವತ್ತೊಂದು ಜೀವಗಳನ್ನು ಇಟ್ಟುಕೊಂಡು ಹಾಗೆ ತೂಗುವಾಗ ಕೈ ನಡುಗದಿರಬೇಕಾದರೆ ಎಷ್ಟು ವರ್ಷಗಳ ಅಭ್ಯಾಸ ಬೇಕು!

ಕಾಯುವುದೆಂದರೆ ಸುಮ್ಮನೆ ಕೂಡುವುದೂ ಅಲ್ಲ. ವಿಮಾನ ಹಗುರವಾದ ಮೇಲೆ ಓಗ್ ಅದನ್ನು 5,000 ಅಡಿಯವರೆಗೆ ಏರಿಸಿ, ಎಷ್ಟು ಕಡಮೆ ವೇಗದವರೆಗೆ ಅದು ಕೈಯ ಮಾತು ಕೇಳುತ್ತದೆಂದು ಮತ್ತೆಮತ್ತೆ ಪರೀಕ್ಷಿಸಿ ನೋಡಿದರು. ಸಮುದ್ರದ ಮೇಲೆ ಒಂದೇ ಸಲ ಮಾಡಬೇಕಾದ ಕೆಲಸವನ್ನು ಆಕಾಶದಲ್ಲಿ ಹಲವು ಸಲ ಮಾಡಿ ಅಭ್ಯಾಸ ಮಾಡಿಕೊಂಡಂತೆ ಆಯಿತು. ಒಳಗೆ ಸಿಬ್ಬಂದಿಯವರು ಸಡಿಲವಾಗಿದ್ದ ವಸ್ತುಗಳನ್ನೆಲ್ಲ ತೆಗೆದಿರಿಸಿದರು. ಪ್ರಯಾಣಿಕರಿಗೆ ಸ್ಥಿತಿ ಹೀಗಿದೆಯೆಂದು ಮುಚ್ಚುಮರೆಯಿಲ್ಲದೆ ತಿಳಿಸಲಾಗಿತ್ತು. ಮುಂದೆ ಮಾಡಬೇಕಾದ್ದನ್ನೂ ಹೇಳಿಕೊಟ್ಟಿತ್ತು. ಗಂಟೆಗಟ್ಟಲೆ ಕತ್ತಲೆಯಲ್ಲಿ, ಸಾವೋ ಬದುಕೋ ತಿಳಿಯದೆ, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಕುಳಿತ ತಾಯಿಯ ಮುಂದೆ ಮುಖ ಸ್ವಸ್ಥವಾಗಿಟ್ಟುಕೊಂಡು ಓಡಾಡುವುದು ಎಂಜಿನ್ ನಡೆಸುವುದಕ್ಕಿಂತ ಸುಲಭವಾದ ವಿದ್ಯೆಯೆಂದು ನಾನು ಭಾವಿಸಲಾರೆ.

ಈ ಸಿದ್ಧತೆಗಳಲ್ಲಿ ಒಂದನ್ನು ಮಾತ್ರ ವಿಶೇಷವಾಗಿ ಹೇಳಬೇಕು. ರೆನಾಲ್ಡ್ಸ್ ಅವರು ವಿಮಾನದ ಬಾಲದ ಕಡೆಯ ಆಸನಗಳನ್ನು ಖಾಲಿ ಮಾಡಿಸಿ, ಅಲ್ಲಿದ್ದವರನ್ನೆಲ್ಲ ಮುಂದಕ್ಕೆ ಕೂರಿಸಿದರು. ಇದು ಆ ಗಳಿಗೆಯಲ್ಲಿ ಹೊಳೆದ ಉಪಾಯವಲ್ಲ. ಹಿಂದಿನ ವರ್ಷ, 1955ರ ಮಾರ್ಚ್ 26ರಂದು, ಇದೇ ಸಂಸ್ಥೆಯ ಇದೇ ಜಾತಿಯ ಇನ್ನೊಂದು ವಿಮಾನ ಒರೆಗಾನ್ ಕರಾವಳಿಯಾಚೆ ಸಮುದ್ರದಲ್ಲಿ ಇಳಿದಿತ್ತು. ಅದರಲ್ಲಿದ್ದ 23 ಮಂದಿಯಲ್ಲಿ ನಾಲ್ವರು ಸತ್ತರು. ಆಗ ನೀರಿಗೆ ಬಡಿದ ಪೆಟ್ಟಿಗೆ ಬಾಲದ ಭಾಗ ಮುರಿದುಹೋಗಿತ್ತು. ಆ ಅಪಘಾತದ ಪಾಠವನ್ನು ಯಾರೋ ಬರೆದಿಟ್ಟಿದ್ದರು, ಇನ್ನಾರೋ ಓದಿ ನೆನಪಿನಲ್ಲಿಟ್ಟುಕೊಂಡಿದ್ದರು. ಸಾವು ಹೇಳಿಕೊಟ್ಟ ವಿದ್ಯೆಯನ್ನು ಬದುಕಿರುವವರು ಕಲಿಯುವುದೂ ಒಂದು ಬಗೆಯ ಋಣಸಂದಾಯವೇ.

ಬೆಳಕು ಹರಿಯಿತು. ಹಡಗು ತಾನು ಆರಿಸಿದ ದಿಕ್ಕಿನಲ್ಲಿ, ಸಮುದ್ರದ ಮೇಲೆ ನೊರೆಯ ಒಂದು ಉದ್ದನೆಯ ಪಟ್ಟೆಯನ್ನು ಹಾಸಿತು. ನೀಲಿಯ ಮೇಲಿನ ಆ ಬಿಳಿಯ ಗೆರೆ ಚಾಲಕನಿಗೆ ಎತ್ತರವನ್ನು ಅಂದಾಜು ಮಾಡಲು ನೆರವಾಗಲೆಂದು. ಓಗ್ ಚಕ್ರಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ರೆಕ್ಕೆಯ ಹಿಂದಿನ ಹಲಗೆಗಳನ್ನು ಪೂರ್ತಿಯಾಗಿ ಇಳಿಬಿಟ್ಟು, ವಿಮಾನವನ್ನು ತಗ್ಗಿಸುತ್ತ ಬಂದರು. ಬೆಳಗಿನ ಆರು ಗಂಟೆ ಹದಿನೈದು ನಿಮಿಷಕ್ಕೆ, ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ, ಅದು ನೀರನ್ನು ಮುಟ್ಟಿತು. ಒಂದು ರೆಕ್ಕೆ ಉಬ್ಬಿದ ಅಲೆಗೆ ತಾಗಿ ವಿಮಾನ ಎಡಕ್ಕೆ ಗಿರಕಿ ಹೊಡೆಯಿತು. ಬಾಲ ಮುರಿಯಿತು. ಎಲ್ಲಿ ಮುರಿಯುತ್ತದೆಂದು ಎಣಿಸಿದ್ದರೋ ಅಲ್ಲಿಯೇ ಮುರಿಯಿತು. ಅಲ್ಲಿ ಯಾರೂ ಇರಲಿಲ್ಲ.

ತೇಲುತೆಪ್ಪಗಳನ್ನು ನೀರಿಗಿಳಿಸಿದರು. ಮೂರು ತೆಪ್ಪಗಳಲ್ಲಿ ಒಂದು ಸರಿಯಾಗಿ ಉಬ್ಬಲಿಲ್ಲ. ಆದರೆ ಅಷ್ಟರಲ್ಲಿ ಹಡಗಿನ ದೋಣಿಗಳು ಬಂದಿದ್ದವು. ಪ್ರಯಾಣಿಕರೆಲ್ಲ ಹೊರಬಿದ್ದ ಮೇಲೆ ಕೊನೆಗೆ ಬಂದವರು ಓಗ್ ಮತ್ತು ರೆನಾಲ್ಡ್ಸ್. ಆರು ಗಂಟೆ ಮೂವತ್ತೈದು ನಿಮಿಷಕ್ಕೆ, ಎಂದರೆ ನೀರು ಮುಟ್ಟಿದ ಇಪ್ಪತ್ತು ನಿಮಿಷಕ್ಕೆ, ವಿಮಾನದ ಕೊನೆಯ ತುಂಡೂ ಮುಳುಗಿತು. ಅಷ್ಟರೊಳಗೆ 31 ಮಂದಿಯೂ ಪಾರಾಗಿದ್ದರು. ಕೆಲವರಿಗೆ ಚಿಕ್ಕಪುಟ್ಟ ಗಾಯ. ಒಂದೂವರೆ ವರ್ಷದ ಹೆಣ್ಣುಮಗುವೊಂದು ತಲೆಗೆ ಪೆಟ್ಟಾಗಿ ಸ್ವಲ್ಪ ಹೊತ್ತು ಎಚ್ಚರ ತಪ್ಪಿತ್ತು. ಆಮೇಲೆ ಅದೂ ಕಣ್ಣುಬಿಟ್ಟಿತು.

ಎಲ್ಲರೂ ಬದುಕಿದರೆಂದು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ವಿಮಾನದ ಸರಕಿನ ಕೋಣೆಯಲ್ಲಿ 44 ಪೆಟ್ಟಿಗೆ ಜೀವಂತ ಕ್ಯಾನರಿ ಹಕ್ಕಿಗಳಿದ್ದವು. ಅವು ವಿಮಾನದೊಡನೆ ಮುಳುಗಿದವು. ಹಾರಬಲ್ಲ ಜೀವಗಳು ಆ ವಿಮಾನದಲ್ಲಿ ಅವು ಮಾತ್ರ.

ನಮ್ಮ ಕಾವ್ಯಮೀಮಾಂಸೆಯ ಪಾಠದಲ್ಲಿ ‘ಕುಶಲ’ ಎಂಬ ಮಾತೊಂದು ಬರುತ್ತದೆ. ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ರೂಢಿಯಿಂದ ಬಂದ ಲಕ್ಷಣೆಗೆ ಅದನ್ನು ಉದಾಹರಣೆಯಾಗಿ ಕೊಡುತ್ತಾನೆ. ಕುಶವೆಂದರೆ ದರ್ಭೆ. ಕುಶವನ್ನು ಕೀಳಬಲ್ಲವನು ಕುಶಲ. ದರ್ಭೆಯ ಅಂಚು ಹರಿತ. ಅವಸರದಿಂದ ಹಿಡಿದರೆ ಕೈ ಕೊಯ್ಯುತ್ತದೆ, ಹೆದರಿ ಹಿಡಿದರೆ ಬೇರುಸಹಿತ ಬರುವುದಿಲ್ಲ. ಎಷ್ಟು ಬಿಗಿಯಾಗಿ, ಎಷ್ಟು ಮೆಲ್ಲಗೆ ಎಂಬ ಹದ ತಿಳಿದವನಿಗೆ ಆ ಹೆಸರು ಮೊದಲು ಸಂದು, ಕಾಲಕ್ರಮದಲ್ಲಿ ಯಾವ ಕೆಲಸದಲ್ಲೇ ಆಗಲಿ ಕೈ ಪಳಗಿದವನಿಗೆಲ್ಲ ಸಲ್ಲತೊಡಗಿತೆಂಬುದು ಅಲಂಕಾರಿಕರ ವಿವರಣೆ. ಭಾಷಾಶಾಸ್ತ್ರದ ಪಂಡಿತರು ಈ ವ್ಯುತ್ಪತ್ತಿಯನ್ನು ಒಪ್ಪುವರೋ ಇಲ್ಲವೋ, ಅದರ ಒಳಗಿನ ಅನುಭವ ಸುಳ್ಳಲ್ಲ. ಇನ್ನೊಂದು ಸ್ವಾರಸ್ಯವೂ ಇದೆ. ನಮ್ಮ ಹಿರಿಯರು ಕಾಗದ ಬರೆಯುವಾಗ ‘ಉಭಯ ಕುಶಲೋಪರಿ’ ಎಂದು ಮೊದಲು ಮಾಡುತ್ತಿದ್ದರು. ಅಲ್ಲಿ ಕುಶಲವೆಂದರೆ ಕ್ಷೇಮ. ಕೈಯ ಪಳಗಿಕೆಗೂ ಮನೆಯ ಕ್ಷೇಮಕ್ಕೂ ಒಂದೇ ಮಾತು! ಪೆಸಿಫಿಕ್ಕಿನ ಆ ಬೆಳಗು ಎರಡು ಅರ್ಥಗಳೂ ಒಂದೆಡೆ ಕೂಡಿದ ಬೆಳಗು. ಏಳು ಮಂದಿಯ ಕುಶಲದಿಂದ ಮೂವತ್ತೊಂದು ಮಂದಿಯ ಕುಶಲ.

ಆದರೆ ಎರಡು ಅರ್ಥಗಳು ಯಾವಾಗಲೂ ಕೂಡುವುದಿಲ್ಲ. ಈ ಮಾತನ್ನು ಹೇಳದೆ ಬಿಟ್ಟರೆ ನಮ್ಮವರಿಗೇ ಅನ್ಯಾಯ ಮಾಡಿದಂತಾಗುತ್ತದೆ.

ಓಗ್ ಅವರ ವಿಮಾನ ಇಳಿಯುವುದಕ್ಕೆ ಒಂದೂವರೆ ವರ್ಷ ಮುಂಚೆ, 1955ರ ಏಪ್ರಿಲ್ 11ರಂದು, ಏರ್ ಇಂಡಿಯಾ ಸಂಸ್ಥೆಯ ‘ಕಾಶ್ಮೀರ್ ಪ್ರಿನ್ಸೆಸ್’ ಎಂಬ ವಿಮಾನ ಹಾಂಗ್‌ಕಾಂಗಿನಿಂದ ಜಕಾರ್ತಕ್ಕೆ ಹೊರಟಿತ್ತು. ಬಾಂಡುಂಗಿನಲ್ಲಿ ನಡೆಯಲಿದ್ದ ಏಷ್ಯಾ ಆಫ್ರಿಕಾ ರಾಷ್ಟ್ರಗಳ ಸಮ್ಮೇಲನಕ್ಕೆ ಹೋಗುವ ಚೀನದ ಪ್ರತಿನಿಧಿಗಳೂ ಪತ್ರಕರ್ತರೂ ಅದರಲ್ಲಿದ್ದರು. ಚೀನದ ಪ್ರಧಾನಿ ಚೌ ಎನ್‌ಲಾಯ್ ಅದೇ ವಿಮಾನದಲ್ಲಿ ಬರುವುದೆಂದಿತ್ತು, ಬರಲಿಲ್ಲ. ಹಾಂಗ್‌ಕಾಂಗಿನಲ್ಲಿ ವಿಮಾನ ನಿಂತಿದ್ದಾಗ ಅದರೊಳಗೆ ಯಾರೋ ಗಡಿಯಾರದ ಬಾಂಬನ್ನು ಅಡಗಿಸಿಟ್ಟಿದ್ದರು. 18,000 ಅಡಿಯ ಎತ್ತರದಲ್ಲಿ ಅದು ಸಿಡಿಯಿತು. ಬಲರೆಕ್ಕೆಗೆ ಬೆಂಕಿ ಹತ್ತಿತು.

ಕ್ಯಾಪ್ಟನ್ ಡಿ. ಕೆ. ಜತಾರ್ ಅವರಿಗೆ ಬೆಳಗಿಗಾಗಿ ಕಾಯುವ ಅವಕಾಶವಿರಲಿಲ್ಲ. ಕೆಳಗೆ ಕಾವಲಿನ ಹಡಗಿರಲಿಲ್ಲ, ನೊರೆಯ ಗೆರೆಯಿರಲಿಲ್ಲ. ಇದ್ದದ್ದು ಕೆಲವೇ ನಿಮಿಷ. ಅವರು ಬೆಂಕಿಯ ಬಳಿಯ ಎಂಜಿನನ್ನು ನಿಲ್ಲಿಸಿ, ಅದರ ಪ್ರೊಪೆಲರಿನ ಅಲಗುಗಳನ್ನು ತಿರುಗಿಸಿ, ವಿಮಾನವನ್ನು ಸಮುದ್ರದ ಕಡೆಗೆ ಇಳಿಸಿದರು. ರೇಡಿಯೋ ಸಾಯುವ ಮುನ್ನ ನಟುನಾ ದ್ವೀಪಗಳ ಬಳಿಯಿದ್ದೇವೆಂದು ಮೂರು ಸಲ ಆಪತ್ಸಂದೇಶ ಹೋಯಿತು. ಚಾಲಕರ ಕೋಣೆಗೆ ಹೊಗೆ ನುಗ್ಗಿತ್ತು. ವಿದ್ಯುತ್ತಿನ ಜಾಲ ಒಂದೊಂದಾಗಿ ಕೈಬಿಡುತ್ತಿತ್ತು. ಆ ಹೊಗೆಯಲ್ಲಿಯೇ ಗಗನಸಖಿ ಗ್ಲೋರಿಯಾ ಬೆರಿ ಮೊದಲಾದ ಸಿಬ್ಬಂದಿ ಪ್ರಯಾಣಿಕರಿಗೆ ತೇಲುಕವಚಗಳನ್ನು ಹಂಚಿದರು; ನೀರಿಗೆ ಬಿದ್ದೊಡನೆ ಹೊರಬೀಳಲು ಅನುಕೂಲವಾಗಲೆಂದು ತುರ್ತಿನ ಬಾಗಿಲುಗಳನ್ನು ತೆರೆದಿಟ್ಟರು. ಬಲರೆಕ್ಕೆ ಮೊದಲು ನೀರಿಗೆ ಬಡಿಯಿತು. ವಿಮಾನ ಮೂರು ತುಂಡಾಯಿತು. 19 ಮಂದಿಯಲ್ಲಿ ಉಳಿದವರು ಮೂವರು: ಸಹಚಾಲಕ ದೀಕ್ಷಿತ್, ದಾರಿಯ ಲೆಕ್ಕದ ಪಾಠಕ್, ಯಂತ್ರಗಳ ನಿಗಾ ನೋಡುವ ಎಂಜಿನಿಯರ್ ಅನಂತ ಕಾರ್ಣಿಕ್. ಗಂಟೆಗಟ್ಟಲೆ ಈಜಿ ದ್ವೀಪವೊಂದನ್ನು ಮುಟ್ಟಿದ ಅವರನ್ನು ‘ಡ್ಯಾಂಪಿಯರ್’ ಎಂಬ ಬ್ರಿಟಿಷ್ ಹಡಗು ಎತ್ತಿಕೊಂಡಿತು. ಜತಾರ್, ಬೆರಿ ಮತ್ತು ಬದುಕುಳಿದ ಈ ಮೂವರನ್ನು ಭಾರತ ಸರಕಾರ ಅಶೋಕಚಕ್ರ ಶ್ರೇಣಿಯ ಶೌರ್ಯಪದಕಗಳಿಂದ ಗೌರವಿಸಿತು.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋರುವುದಿಷ್ಟು. 31ಕ್ಕೆ 31, 19ಕ್ಕೆ 3 ಎಂದು ಅಂಕ ಕೊಡುವುದು ಪರೀಕ್ಷೆಯ ಉತ್ತರಪತ್ರಿಕೆಗೆ ಸರಿಹೋದೀತು, ಮನುಷ್ಯನ ಕೌಶಲಕ್ಕೆ ಸರಿಹೋಗದು. ಓಗ್ ಅವರಿಗೆ ಕಾಲವೊಂದು ಸಿಕ್ಕಿತ್ತು. ಆ ಕಾಲದ ಒಂದು ನಿಮಿಷವನ್ನೂ ಅವರು ಪೋಲು ಮಾಡಲಿಲ್ಲ. ಜತಾರ್ ಅವರಿಗೆ ಸಿಕ್ಕಿದ್ದು ನಿಮಿಷಗಳು. ಅವರೂ ಒಂದನ್ನೂ ಪೋಲು ಮಾಡಲಿಲ್ಲ. ಉರಿಯುತ್ತಿರುವ ವಿಮಾನದಲ್ಲಿ ಕುಳಿತು ಎಂಜಿನ್ ನಿಲ್ಲಿಸುವುದು, ಸಂದೇಶ ಕಳುಹಿಸುವುದು, ಕವಚ ತೊಡಿಸುವುದು, ಬಾಗಿಲು ತೆರೆಯುವುದು, ಇವೆಲ್ಲ ಒಂದಾದ ಮೇಲೊಂದು ಕ್ರಮ ತಪ್ಪದೆ ನಡೆದುವಲ್ಲ. ಆ ಕ್ರಮವೇ ಕೌಶಲ. ಮೂವರು ಬದುಕಿದ್ದು ಅದರ ಫಲ. ಹದಿನಾರು ಮಂದಿ ಸತ್ತದ್ದು ಅದರ ಕೊರತೆಯಲ್ಲ. ಬಾಂಬಿಟ್ಟ ಕೈಯ ಪಾಪ.

ಇತ್ತೀಚಿನ ಉದಾಹರಣೆಯೊಂದು ವಾಚಕರ ನೆನಪಿನಲ್ಲಿಯೇ ಇರುತ್ತದೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಾಗ್ವಾರ್ಡಿಯಾ ನಿಲ್ದಾಣದಿಂದ ಏರಿದ ವಿಮಾನವೊಂದರ ಎರಡು ಎಂಜಿನುಗಳಿಗೂ ಕಾಡುಬಾತುಗಳ ಹಿಂಡು ಬಡಿದು, ಎರಡೂ ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಸಲನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಹಕ್ಕಿ ಬಡಿದದ್ದಕ್ಕೂ ನೀರು ಮುಟ್ಟಿದ್ದಕ್ಕೂ ನಡುವೆ ಮೂರೂವರೆ ನಿಮಿಷ. ಒಳಗಿದ್ದ 155 ಮಂದಿಯೂ ಉಳಿದರು. ಲೋಕವೆಲ್ಲ ಒಬ್ಬನ ಹೆಸರನ್ನು ಕೊಂಡಾಡಿತು. ಕೊಂಡಾಡಬೇಕಾದ್ದೇ. ಆದರೆ ಪಕ್ಕದಲ್ಲಿ ಕುಳಿತು, ಇನ್ನೂ ಎಷ್ಟೋ ಹೆಚ್ಚಿನ ಎತ್ತರಕ್ಕೆಂದು ಬರೆದಿದ್ದ ಉದ್ದನೆಯ ಸೂಚನಾಪಟ್ಟಿಯನ್ನು ಒಂದೊಂದಾಗಿ ಪಾಲಿಸುತ್ತ ಎಂಜಿನುಗಳಿಗೆ ಜೀವ ತರಲು ಹೆಣಗಿದ ಸಹಚಾಲಕ ಸ್ಕೈಲ್ಸ್, ತಲೆ ತಗ್ಗಿಸಿರೆಂದು ಒಂದೇ ಸ್ವರದಲ್ಲಿ ಕೂಗುತ್ತಿದ್ದ ಮೂವರು ಪರಿಚಾರಿಕೆಯರು, ನಾಲ್ಕು ನಿಮಿಷದೊಳಗೆ ಓಡಿಬಂದ ಹಾಯುದೋಣಿಗಳ ನಾವಿಕರು, ಇವರಲ್ಲಿ ಒಬ್ಬರು ತಪ್ಪಿದ್ದರೂ ಲೆಕ್ಕ ಬೇರೆಯಾಗುತ್ತಿತ್ತು. ನೀರೇರುತ್ತಿದ್ದ ವಿಮಾನದ ಉದ್ದಕ್ಕೂ ಎರಡು ಸಲ ನಡೆದು, ಯಾರೂ ಉಳಿದಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ ಸಲನ್‌ಬರ್ಗರ್ ಹೊರಬಂದರು. ಐವತ್ತೆರಡು ವರ್ಷಗಳ ಅಂತರದಲ್ಲಿ ಓಗ್ ಅವರ ವಿಮಾನದಲ್ಲಿ ನಡೆದದ್ದೂ ಅದೇ. ಸಮುದ್ರದವರಿಂದ ಆಕಾಶದವರಿಗೆ ಬಂದ ಹಳೆಯ ಸಂಪ್ರದಾಯವದು.

ನಡುಗಡಲಿನ ಆ ಕಾವಲು ಠಾಣೆಗಳು ಈಗಿಲ್ಲ. ಜೆಟ್ ಎಂಜಿನುಗಳು ನಂಬಿಕೆಗೆ ಹೆಚ್ಚು ಅರ್ಹವಾದವು. ಹವಾಮಾನವನ್ನು ಉಪಗ್ರಹಗಳು ನೋಡತೊಡಗಿದವು. 1970ರ ದಶಕದಲ್ಲಿ ಅಮೆರಿಕ ತನ್ನ ಹಡಗುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಸ್ಟ್ರಾಟೋಕ್ರೂಸರುಗಳೂ ಪ್ಯಾನ್ ಅಮೆರಿಕನ್ ಸಂಸ್ಥೆಯೂ ಇತಿಹಾಸಕ್ಕೆ ಸೇರಿದವು. ಆದರೆ ಆ ರಾತ್ರಿಯ ವಿದ್ಯೆ ಉಳಿದಿದೆ. ಇಂದು ವಿಮಾನ ಹೊರಡುವ ಮುನ್ನ ಗಗನಸಖಿ ತೇಲುಕವಚವನ್ನು ತೊಟ್ಟು ತೋರಿಸುವಾಗ ನಾವು ಪತ್ರಿಕೆಯ ಹಾಳೆ ಮಗುಚುತ್ತಿರುತ್ತೇವೆ, ಇಲ್ಲವೆ ಕಿಟಕಿಯ ಹೊರಗೆ ನೋಡುತ್ತಿರುತ್ತೇವೆ. ಆಕೆ ಹೇಳುವ ಒಂದೊಂದು ವಾಕ್ಯದ ಹಿಂದೆಯೂ ಎಲ್ಲೋ ಒಂದು ಕಡಲು, ಎಂದೋ ಒಂದು ಸಾವು, ಯಾರೋ ಕಲಿತ ಪಾಠ ಇದೆಯೆಂದು ತಿಳಿದರೆ ಎರಡು ನಿಮಿಷ ಕಿವಿಗೊಡಲು ನಮಗೆ ಬೇಸರವಾಗಲಾರದು.

ಮಡಿದವರಿಗೆ ಕಲ್ಲು ನಿಲ್ಲಿಸಿದ ನಮ್ಮ ಊರವರು ತಪ್ಪು ಮಾಡಲಿಲ್ಲ. ಜತಾರ್ ಮತ್ತು ಬೆರಿ ಅವರಂಥವರಿಗೆ ಆ ಕಲ್ಲು ಸಲ್ಲಲೇಬೇಕು. ಎಲ್ಲರನ್ನೂ ಉಳಿಸಿಕೊಂಡು ಬಂದವರಿಗೆ ಕಲ್ಲು ಬೇಡವೆನ್ನಿಸುತ್ತದೆ, ಬದುಕುಳಿದವರೇ ಸಾಕ್ಷಿ. ಪೆಸಿಫಿಕ್ಕಿನಲ್ಲಿ ಎಚ್ಚರ ತಪ್ಪಿ ಮತ್ತೆ ಕಣ್ಣುಬಿಟ್ಟ ಆ ಒಂದೂವರೆ ವರ್ಷದ ಮಗುವಿಗೆ ಆ ರಾತ್ರಿಯ ನೆನಪು ಉಳಿದಿರಲು ಸಾಧ್ಯವಿಲ್ಲ. ಉಳಿಯದಿದ್ದುದೇ ಸರಿ. ನೆನಪಿಟ್ಟುಕೊಳ್ಳಬೇಕಾದವರು ಪ್ರತಿದಿನ ಯಾರದೋ ಕೈಯ ಪಳಗಿಕೆಯನ್ನು ನಂಬಿ ಬಸ್ಸು, ರೈಲು, ವಿಮಾನಗಳನ್ನು ಹತ್ತಿ ಕುಶಲವಾಗಿ ಮನೆ ಸೇರುವ ನಾವು.